ಮಾತೇ ಇಲ್ಲದ ಹಾಡು ಯಾಕೆ ಹೀಗೆ ಹಿಡಿದುಕೊಳ್ಳುತ್ತೆ? ಅಮೆರಿಕದ ಕರಿಯರ ಬ್ಲೂಸ್ ಹಾಡು ಕೇಳುವವರು ಯಾರಾದರೂ ಇದ್ದೀರಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ.

ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. 31 ವರ್ಷ ಬಸ್ ಓಡಿಸಿದವರು. ಕಾರ್ಯ ಎಲ್ಲ ಮುಗಿದು, ನೆಂಟರು ಹೊರಟ ಮೇಲೆ ನನಗೆ ನಿದ್ದೆ ಬರುವುದೇ ನಿಂತುಹೋಯ್ತು. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಕೂರುತ್ತೇನೆ. ಫೋನನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದರೆ ಸೌಂಡ್ ಕಮ್ಮಿ ಇಟ್ಟರೂ ದನಿ ತುಂಬಿಕೊಂಡು ಬರುತ್ತೆ. ಪಕ್ಕದ ಕೋಣೆಯಲ್ಲಿ ಅಮ್ಮನಿಗೂ ಎಚ್ಚರ ಆಗುವುದಿಲ್ಲ.

ಒಂದು ರಾತ್ರಿ ಹೀಗೇ ಒಂದಾದ ಮೇಲೊಂದು ಹಾಡು ತಾನಾಗಿಯೇ ಬರುತ್ತಿತ್ತು. ಆಗ ಬ್ಲೈಂಡ್ ವಿಲ್ಲಿ ಜಾನ್ಸನ್ ಅನ್ನುವವರ 'ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್' ಬಂತು. ಮೂರು ನಿಮಿಷ ಚಿಲ್ಲರೆ. ಮಾತೇ ಇಲ್ಲ. ಗಿಟಾರಿನ ತಂತಿ ಮೇಲೆ ಏನೋ ಜಾರುತ್ತೆ. ಆ ಮನುಷ್ಯ ಬಾಯಿ ಮುಚ್ಚಿಕೊಂಡು 'ಮ್ಮ್' ಅನ್ನುತ್ತಾರೆ. ಒಮ್ಮೊಮ್ಮೆ 'ಆ' ಅಂತ ನರಳುತ್ತಾರೆ. ಅಷ್ಟೇ. ಚಿತೆಯ ಮುಂದೆ ನಿಂತಾಗಲೂ ಅಳದ ನಾನು ಆವತ್ತು ಒಲೆಕಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತ ಮೇಲೆ ಸಂಕಟ ಜಾಸ್ತಿ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಯಾರೋ ಪಕ್ಕದಲ್ಲಿ ಬಂದು ಕೂತಂತೆ ಆಯ್ತು.

ನನಗೆ ಸಂಗೀತ ಗೊತ್ತಿಲ್ಲ. ಅಮೆರಿಕ ನೋಡಿದವನಲ್ಲ. ಈ ಬ್ಲೂಸ್ ಅನ್ನುವುದರಲ್ಲಿ ಏನಿದೆ, ತಿಳಿದವರು ಹೇಳ್ತೀರಾ?

ಹಳೇ ರೇಡಿಯೋ (ಮೈಸೂರು)

ತುಂಗಾತೀರ ಅವರೇ, ಅಪ್ಪನ ವಿಷಯ ಓದಿ ಮನಸ್ಸು ಭಾರ ಆಯ್ತು. ನಿಮಗೆ ಸಿಕ್ಕಿದ ಹಾಡು ಮಾತ್ರ ಸಾಮಾನ್ಯದ್ದಲ್ಲ.

ವಿಲ್ಲಿ ಜಾನ್ಸನ್ ಟೆಕ್ಸಸ್‌ನವರು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡರು. ಬೀದಿಯಲ್ಲಿ ನಿಂತು ಹಾಡಿ ಹೊಟ್ಟೆ ಹೊರೆದರು. ಈ ಹಾಡು ಮುದ್ರಣ ಆಗಿದ್ದು 1927ರ ಡಿಸೆಂಬರ್ 3ರಂದು, ಡಲ್ಲಾಸ್‌ನಲ್ಲಿ. ಒಂದು ಸಣ್ಣ ತಿದ್ದುಪಡಿ: ಅವರು ಹಾಡಿದ್ದೆಲ್ಲ ದೇವರ ಹಾಡು. ತಮ್ಮನ್ನು ಬ್ಲೂಸ್ ಹಾಡುಗಾರ ಅಂತ ಅವರು ಕರೆದುಕೊಂಡಿರಲಾರರು. ಶನಿವಾರ ರಾತ್ರಿಯ ಕುಣಿತದ ಹಾಡು ಬೇರೆ, ಭಾನುವಾರ ಬೆಳಗ್ಗೆಯ ಚರ್ಚಿನ ಹಾಡು ಬೇರೆ ಅಂತ ಆಗ ಕಟ್ಟುನಿಟ್ಟಾಗಿ ನೋಡುತ್ತಿದ್ದರು. ಆದರೆ ತಂತಿ ಅದೇ, ಗಂಟಲೂ ಅದೇ. ಆದ್ದರಿಂದ ಬ್ಲೂಸ್ ಕೇಳುವವರು ಅವರನ್ನು ಬಿಟ್ಟುಕೊಡುವುದಿಲ್ಲ.

ಹಾಡಿನ ಹೆಸರು ಇಂಗ್ಲೆಂಡಿನ ಒಂದು ಹಳೇ ಕೀರ್ತನೆಯಿಂದ ಬಂದಿದೆ. ಯೇಸು ಸಾಯುವ ಹಿಂದಿನ ರಾತ್ರಿ ತಣ್ಣನೆಯ ನೆಲದ ಮೇಲೆ ಬಿದ್ದು ಪ್ರಾರ್ಥಿಸಿದ್ದು ಅದರ ವಿಷಯ. ಕರಿಯರ ಹಳ್ಳಿ ಚರ್ಚುಗಳಲ್ಲಿ ಒಬ್ಬರು ಸಾಲು ಎತ್ತಿಕೊಡುತ್ತಿದ್ದರು, ಉಳಿದವರೆಲ್ಲ ಅದನ್ನು ಎಳೆದೆಳೆದು ಗುನುಗುತ್ತಿದ್ದರು. ಪುಸ್ತಕ ಇರಲಿಲ್ಲ, ಓದಲು ಬರುವವರೂ ಕಮ್ಮಿ. ವಿಲ್ಲಿ ಆ ಇಡೀ ಸಭೆಯನ್ನು ಒಬ್ಬರೇ ಆಡಿ ತೋರಿಸುತ್ತಾರೆ. ಮತ್ತೆ ಕೇಳಿ ನೋಡಿ. ಗಿಟಾರ್ ಒಂದು ಸಾಲನ್ನು ಅರ್ಧಕ್ಕೆ ಬಿಡುತ್ತೆ, ಗಂಟಲು ಅದನ್ನು ಮುಗಿಸುತ್ತೆ. ಗಂಟಲು ನಿಂತ ಕಡೆ ಗಿಟಾರ್ ಎತ್ತಿಕೊಳ್ಳುತ್ತೆ. ಯಾರೋ ಪಕ್ಕದಲ್ಲಿ ಬಂದು ಕೂತಂತೆ ಆಯ್ತು ಅಂದಿರಲ್ಲ, ನಿಮ್ಮ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ.

1945ರಲ್ಲಿ ಅವರ ಮನೆ ಸುಟ್ಟುಹೋಯ್ತು. ಬೇರೆ ದಿಕ್ಕಿಲ್ಲದೆ ಅದೇ ಸುಟ್ಟ ಮನೆಯಲ್ಲಿ ಒದ್ದೆ ಹಾಸಿಗೆ ಮೇಲೆ ಮಲಗಿದರು, ಕಾಯಿಲೆ ಬಿದ್ದು ಹೋದರು ಅಂತ ಅವರ ಹೆಂಡತಿ ಆಮೇಲೆ ಹೇಳಿದ್ದಾರೆ. ನೆಲ ತಣ್ಣಗಿತ್ತು ಅನ್ನುವ ಹಾಡು ಹಾಡಿದವರಿಗೆ ಕೊನೆಗೂ ಅದೇ ನೆಲ.

ಇರುಳುಹಕ್ಕಿ (ಹುಬ್ಬಳ್ಳಿ)

ಒಂದು ಮಾತು ಸೇರಿಸಲಾ? 1977ರಲ್ಲಿ ನಾಸಾ ಹಾರಿಸಿದ ಎರಡು ವೊಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಟ್ಟೆ ಇಟ್ಟಿದ್ದಾರಲ್ಲ, ಭೂಮಿಯ ದನಿಗಳು ಇರುವಂಥದ್ದು. ಅದರಲ್ಲಿ ಈ ಹಾಡೂ ಇದೆ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಮಲಗಲು ಜಾಗ ಇಲ್ಲದವನ ನರಳಿಕೆ ಈಗ ಸೂರ್ಯನ ಗಾಳಿಯೂ ತಲುಪದ ಕಡೆ ಹೋಗುತ್ತಿದೆ. ಇದನ್ನು ನೆನೆದಾಗಲೆಲ್ಲ ಮೈ ಜುಂ ಅನ್ನುತ್ತೆ.

ಆರು ತಂತಿ (ಬೆಂಗಳೂರು)

ನಾನು ಗಿಟಾರ್ ಕಲಿಸುತ್ತೇನೆ. ಹದಿನೆಂಟು ವರ್ಷ ಆಯ್ತು. 'ಏನಿದೆ ಇದರಲ್ಲಿ' ಅನ್ನುವ ಪ್ರಶ್ನೆಗೆ ನನ್ನ ಕೈಗೆ ಗೊತ್ತಿರುವಷ್ಟು ಹೇಳುತ್ತೇನೆ.

ಕರ್ನಾಟಕ ಸಂಗೀತ ಸ್ವಲ್ಪ ಕಲಿತ ಮಕ್ಕಳು ಬಂದರೆ ನನಗೆ ಕೆಲಸ ಸುಲಭ. ಸಾಧಾರಣ ಗಾಂಧಾರ, ಅಂತರ ಗಾಂಧಾರ ಅಂತ ಎರಡಿವೆ ಅಲ್ವಾ? ಮೊದಲನೆಯದು ಸ್ವಲ್ಪ ಬಾಡಿದ ಹಾಗೆ, ಎರಡನೆಯದು ಅರಳಿದ ಹಾಗೆ. ಬ್ಲೂಸ್‌ನ ಗಾಂಧಾರ ಇವೆರಡರ ನಡುವೆ ಎಲ್ಲೋ ಇದೆ. ಪಿಯಾನೋದಲ್ಲಿ ಅದಕ್ಕೆ ಮನೆಯೇ ಇಲ್ಲ. ಗಿಟಾರಿನಲ್ಲಿ, ಹಾಡು A ಶ್ರುತಿಯಲ್ಲಿದ್ದರೆ, ಮೂರನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿ, ಬಾರಿಸಿ, ಬೆರಳಿಂದ ತಂತಿಯನ್ನು ಒಂದು ಕೂದಲೆಳೆಯಷ್ಟು ತಳ್ಳಬೇಕು. ಪೂರ್ತಿ ತಳ್ಳಿದರೆ ಅಂತರ ಗಾಂಧಾರ ಬಂದು ಹಾಡು ಖುಷಿಯಾಗಿಬಿಡುತ್ತೆ. ತಳ್ಳದೇ ಬಿಟ್ಟರೆ ಸುಮ್ನೆ ಸಪ್ಪಗೆ ಕೂರುತ್ತೆ. ನಡುವೆ ನಿಲ್ಲಿಸಬೇಕು. ಆ ಕೂದಲೆಳೆ ಸಿಗುವುದಕ್ಕೆ ಕೆಲವರಿಗೆ ವರ್ಷ ಹಿಡಿಯುತ್ತೆ. ಸಿಕ್ಕ ದಿನ ಹುಡುಗರ ಮುಖ ನೋಡಬೇಕು ನೀವು, ಬಾರಿಸುವುದು ನಿಲ್ಲಿಸಿ ಬೆರಳನ್ನೇ ನೋಡಿಕೊಳ್ಳುತ್ತಾರೆ.

ಇನ್ನೂ ಒಂದು ವಿಷಯ. ಕೆಳಗೆ ನುಡಿಯುವ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಮಾನ್ಯವಾಗಿ ಅಂತರ ಗಾಂಧಾರವೇ ಇರುತ್ತೆ. ಮೇಲೆ ಹಾಡುವವರು ಬಾಡಿದ ಗಾಂಧಾರ ಹಾಡುತ್ತಾರೆ. ಎರಡೂ ಒಂದಕ್ಕೊಂದು ಉಜ್ಜುತ್ತವೆ. ಶಾಸ್ತ್ರ ಹಿಡಿದು ನೋಡಿದರೆ ತಪ್ಪು, ಕಿವಿಗೆ ಮಾತ್ರ ಅದೇ ಬೇಕು. ನಮ್ಮ ಬದುಕೂ ಪೂರ್ತಿ ಬಾಡಿದ್ದಲ್ಲ, ಪೂರ್ತಿ ಅರಳಿದ್ದೂ ಅಲ್ಲವಲ್ಲ.

(ಶುದ್ಧ ಧನ್ಯಾಸಿ ಕೇಳಿದ್ದೀರಾ? ಬ್ಲೂಸ್ ಹಾಡುಗಾರರು ಜಾಸ್ತಿ ಬಳಸುವ ಐದು ಸ್ವರಗಳೂ ಅವೇ. ಹಾಗಂತ ಎರಡೂ ಒಂದೇ ಅಲ್ಲ, ನಡೆ ಪೂರ್ತಿ ಬೇರೆ. ನಮ್ಮ ಕಿವಿಗೆ ಅದು ಪರಕೀಯ ಅನ್ನಿಸದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ.)

ಇನ್ನು ಹಾಡಿನ ಕಟ್ಟು. ಜಾಸ್ತಿ ಹಾಡುಗಳು 12 ಆವರ್ತದವು. ಒಂದು ಸಾಲು ಹೇಳುತ್ತಾರೆ. ಅದೇ ಸಾಲನ್ನು ಇನ್ನೊಮ್ಮೆ ಹೇಳುತ್ತಾರೆ. ಮೂರನೆಯದು ಬೇರೆ ಸಾಲು, ಮೊದಲ ಎರಡಕ್ಕೆ ಉತ್ತರದಂತೆ. ನಾನು ಮಕ್ಕಳಿಗೆ ಅರ್ಥ ಆಗಲಿ ಅಂತ ಒಂದು ಕಟ್ಟಿಕೊಂಡಿದ್ದೇನೆ:

ಬೆಳಗಾಗೆದ್ದು ನೋಡಿದೆ, ಅಂಗಳ ತುಂಬಾ ನೀರು
ಬೆಳಗಾಗೆದ್ದು ನೋಡಿದೆನವ್ವಾ, ಅಂಗಳ ತುಂಬಾ ನೀರು
ಮಲಗೋಕೊಂದು ಚಾಪೆ ಇಲ್ಲ, ಹೋಗೋಕಿಲ್ಲ ಊರು

ಪ್ರತಿ ಸಾಲಿಗೆ ನಾಲ್ಕು ಆವರ್ತ ಜಾಗ ಇದೆ. ಹಾಡುಗಾರರು ಸುಮಾರು ಎರಡರಲ್ಲೇ ಮುಗಿಸಿ ಸುಮ್ಮನಾಗುತ್ತಾರೆ. ಉಳಿದ ಎರಡರಲ್ಲಿ ಗಿಟಾರೋ ಹಾರ್ಮೋನಿಕಾವೋ ಮಾತಾಡುತ್ತೆ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಆ ಖಾಲಿ ಜಾಗವನ್ನೂ ಹಾಡಿ ತುಂಬಿಸುವುದು.

ಬೀಸುಕಲ್ಲು (ಗದಗ)

ಆರು ತಂತಿ ಸರ್, ನಿಮ್ಮ ಮೂರು ಸಾಲು ಓದಿ ಬೆಚ್ಚಿದೆ. ನಮ್ಮ ತ್ರಿಪದಿಯೂ ಮೂರೇ ಸಾಲು. ಹಾಡುವಾಗ ಎರಡನೇ ಸಾಲನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುವುದು ರೂಢಿ. ನಮ್ಮ ಆಯಿ ಜೋಳ ಬೀಸುವಾಗ ಹಾಗೇ ಹಾಡುತ್ತಿದ್ದಳು. ನಾನು ಸಣ್ಣವಳು, ಪಕ್ಕದಲ್ಲಿ ಕೌದಿ ಹೊದ್ದು ಮಲಗಿರುತ್ತಿದ್ದೆ. ಒಂದು ಸಾಲಾದ ಮೇಲೆ ಸುಮ್ಮನಾಗುತ್ತಿದ್ದಳು. ಕಲ್ಲು ಗರಗರ ಅಂತ ಎರಡು ಸುತ್ತು ಹೊಡೆಯುತ್ತಿತ್ತು. ಆಮೇಲೆ ಅದೇ ಸಾಲು ಮತ್ತೆ. ಕಲ್ಲಿನ ಮಾತು ಕೇಳಿಸಿಕೊಂಡು ಹೇಳುತ್ತಿದ್ದಾಳೆ ಅಂತಲೇ ನಾನು ತಿಳಿದಿದ್ದೆ. ಮನೆಯಲ್ಲಿ ಯಾರ ಮುಂದೆಯೂ ಹೇಳದ ಮಾತೆಲ್ಲ ಆ ಕಲ್ಲಿನ ಮುಂದೆ ಹೇಳಿದ್ದಾಳೆ.

ಎರಡಕ್ಕೂ ಸಂಬಂಧ ಇದೆ ಅಂತ ಹೇಳುತ್ತಿಲ್ಲ. ಸಾವಿರಾರು ಮೈಲಿ ದೂರ, ಬೇರೆ ಜನ. ಆದರೆ ಅಲ್ಲಿಯೂ ಹಾಡು ಹುಟ್ಟಿದ್ದು ದುಡಿಯುವ ಕೈಯಿಂದಲೇ, ಅಲ್ವಾ?

ಕೆಂಪುಮಣ್ಣು (ಕೋಲಾರ)

ಎಲ್ಲರ ಮಾತೂ ಇಷ್ಟ ಆಯ್ತು. ಆದರೂ ನನಗೆ ಒಂದು ತಳಮಳ ಇದೆ, ಹೇಳಲೇಬೇಕು.

ಬ್ಲೂಸ್ ಹುಟ್ಟಿದ ಮಿಸಿಸಿಪ್ಪಿ ಡೆಲ್ಟಾದಲ್ಲಿ ಗುಲಾಮಗಿರಿ 1865ರಲ್ಲೇ ಕಾನೂನಿನ ಪ್ರಕಾರ ಮುಗಿದಿತ್ತು. ಆಮೇಲೆ ಬಂದದ್ದು ಪಾಲಿನ ಬೇಸಾಯ. ಜಮೀನು ಧಣಿಯದು, ಬೀಜ ಧಣಿಯದು, ಅಕ್ಕಿಬೇಳೆ ಕೊಳ್ಳುವ ಅಂಗಡಿಯೂ ಧಣಿಯದು. ವರ್ಷದ ಕೊನೆಗೆ ಹತ್ತಿ ತೂಗಿ ಲೆಕ್ಕ ಹೇಳುವವನೂ ಅವನೇ. ಲೆಕ್ಕ ಕೇಳಿದರೆ ಸಾಲ ಇನ್ನೂ ಬಾಕಿ ಅಂತ ಬರುತ್ತಿತ್ತು. ಎದುರು ಮಾತಾಡಿದರೆ ಪ್ರಾಣ ಉಳಿಯುವ ಭರವಸೆ ಇರಲಿಲ್ಲ. ಜೀತ ಅಂದರೆ ಏನು ಅಂತ ನಮ್ಮ ತಾತ ಬಲ್ಲರು. ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1927ರಲ್ಲಿ ಮಿಸಿಸಿಪ್ಪಿ ನದಿಯ ಪ್ರವಾಹ ಬಂದಾಗ ಅಲ್ಲಿನ ಗ್ರೀನ್‌ವಿಲ್ ಊರಿನ ಹತ್ತಿರ ಕರಿಯ ಕೂಲಿಗಳನ್ನು ಬಂದೂಕು ಹಿಡಿದು ಏರಿಯ ಮೇಲೆ ನಿಲ್ಲಿಸಿ ದುಡಿಸಿದರು. ಆ ನೀರಿನ ಬಗ್ಗೆ ಚಾರ್ಲಿ ಪ್ಯಾಟನ್ 1929ರಲ್ಲಿ ಎರಡು ಭಾಗದ ಹಾಡು ಹಾಡಿದರು. ಹಾಡುಗಾರ್ತಿ ಬೆಸ್ಸಿ ಸ್ಮಿತ್ ಅವರನ್ನು 'ಬ್ಲೂಸ್ ಚಕ್ರವರ್ತಿನಿ' ಅಂದರು. 1937ರಲ್ಲಿ ಸತ್ತ ಮೇಲೆ 33 ವರ್ಷ ಅವರ ಗೋರಿಗೆ ಒಂದು ಕಲ್ಲೂ ಇರಲಿಲ್ಲ. 1970ರಲ್ಲಿ ರಾಕ್ ಹಾಡುಗಾರ್ತಿ ಜಾನಿಸ್ ಜಾಪ್ಲಿನ್, ಜೊತೆಗೆ ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಗೆಲಸ ಮಾಡಿದ್ದ ಜುವಾನಿಟಾ ಗ್ರೀನ್ ದುಡ್ಡು ಹಾಕಿ ಕಲ್ಲು ನೆಡಿಸಿದರು.

ಇಷ್ಟೆಲ್ಲ ಇರುವಾಗ 'ಆಹಾ, ಎಂಥ ನೋವಿನ ಹಾಡು' ಅಂತ ನಾವು ಸವಿಯುವುದು ಸರಿಯಾ? ತುಂಗಾತೀರ ಅವರ ಬಗ್ಗೆ ಹೇಳುತ್ತಿಲ್ಲ, ಅವರ ಅಳು ನಿಜ. ನನ್ನ ಬಗ್ಗೆಯೇ ಕೇಳಿಕೊಳ್ಳುತ್ತಿದ್ದೇನೆ.

ಮಿಶಿಗನ್ ಗಾಳಿ (ಚಿಕಾಗೋ)

ಕೆಂಪುಮಣ್ಣು ಅವರೇ, ನೀವು ಕೇಳಿದ್ದು ಸರಿ. ಇದನ್ನು ಕೇಳದೆ ಬ್ಲೂಸ್ ಕೇಳಬಾರದು. ನಾನು ನೋಡಿದ್ದನ್ನು ಹೇಳುತ್ತೇನೆ.

ಇಲ್ಲಿಗೆ ಬಂದು ಹನ್ನೆರಡು ವರ್ಷ. ಎರಡು ವರ್ಷದ ಹಿಂದೆ ಕಾರಿನಲ್ಲಿ ಕ್ಲಾರ್ಕ್ಸ್‌ಡೇಲ್‌ಗೆ ಹೋಗಿದ್ದೆ, ಮಿಸಿಸಿಪ್ಪಿಯ ಸಣ್ಣ ಊರು. ಚಪ್ಪಟೆ ನೆಲ. ಕಣ್ಣು ಹಾಯುವವರೆಗೂ ಹೊಲ. ನೆರಳಿಗೆ ಮರ ಹುಡುಕಬೇಕು. ರೈಲಿನ ಹಳೇ ಗೂಡ್ಸ್ ಕಟ್ಟಡದಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಅದರೊಳಗೆ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಇದ್ದ ಮರದ ಮನೆಯನ್ನೇ ತಂದು ನಿಲ್ಲಿಸಿದ್ದಾರೆ. ಅದರ ಮುಂದೆ ತುಂಬಾ ಹೊತ್ತು ನಿಂತೆ. ಒರಟು ಹಲಗೆಗಳು. ಚಳಿಗಾಲದಲ್ಲಿ ಇದರೊಳಗೆ ಹೇಗೆ ಇದ್ದರೋ ಅನ್ನಿಸಿತು.

ಮಡ್ಡಿ ಸ್ಟೊವಾಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಜನಪದ ಹಾಡು ಸಂಗ್ರಹಿಸಲು ಬಂದು ಇವರ ಹಾಡನ್ನು ತಟ್ಟೆಗೆ ಇಳಿಸಿದರು. ತಮ್ಮ ದನಿಯನ್ನು ಹೊರಗಿನಿಂದ ಕೇಳಿದ ಮೇಲೆ 'ನನಗೂ ಹಾಡಲು ಬರುತ್ತೆ' ಅನ್ನುವ ಧೈರ್ಯ ಬಂತು ಅಂತ ಮಡ್ಡಿ ಮುಂದೆ ಹೇಳಿಕೊಂಡಿದ್ದಾರೆ. ಎರಡು ವರ್ಷಕ್ಕೆ, 1943ರಲ್ಲಿ, ರೈಲು ಹತ್ತಿ ಚಿಕಾಗೋಗೆ ಬಂದುಬಿಟ್ಟರು. ಅವರೊಬ್ಬರೇ ಅಲ್ಲ. ಆ ಕಾಲದಲ್ಲಿ ಕೆಲವು ದಶಕಗಳಲ್ಲಿ ಸುಮಾರು 60 ಲಕ್ಷ ಕರಿಯರು ದಕ್ಷಿಣ ಬಿಟ್ಟು ಬೇರೆ ಕಡೆಗೆ ಬಂದರು. ಚಿಕಾಗೋದ ಗದ್ದಲದ ಕ್ಲಬ್ಬುಗಳಲ್ಲಿ ಮರದ ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. ಮಡ್ಡಿ ಅದಕ್ಕೆ ಕರೆಂಟ್ ಕೊಟ್ಟರು. 1948ರಲ್ಲಿ ಬಂದ ಅವರ ತಟ್ಟೆಯನ್ನು ಊರು ಬಿಟ್ಟು ಬಂದವರು ಮುಗಿಬಿದ್ದು ಕೊಂಡರು.

ಅವರು ಯಾರೂ ಅದನ್ನು ನೋವಿನ ಪ್ರದರ್ಶನ ಅಂತ ಕೇಳಲಿಲ್ಲ. ಕುಣಿದರು. ಡೆಲ್ಟಾದಲ್ಲೂ ಅಷ್ಟೇ. ವಾರವೆಲ್ಲ ಹೊಲದಲ್ಲಿ ಬೆನ್ನು ಬಗ್ಗಿಸಿದವರು ಶನಿವಾರ ರಾತ್ರಿ ಜೂಕ್ ಜಾಯಿಂಟ್ ಅನ್ನುವ ತಗಡಿನ ಗುಡಿಸಲುಗಳಲ್ಲಿ ಸೇರಿ ಕುಣಿಯುತ್ತಿದ್ದರು, ಕುಡಿಯುತ್ತಿದ್ದರು, ಪ್ರೀತಿ ಮಾಡುತ್ತಿದ್ದರು, ಹೊಡೆದಾಡುತ್ತಿದ್ದರು. ಆರು ದಿನ ಧಣಿಯ ಕೈಯಲ್ಲಿದ್ದ ಮೈ ಆ ಒಂದು ರಾತ್ರಿ ತಮ್ಮದು. ಬ್ಲೂಸ್‌ನಲ್ಲಿ ಅಳುವಿಗಿಂತ ಈ ಹಟ ಜಾಸ್ತಿ ಇದೆ. ಇದನ್ನು ಬಿಟ್ಟು ಬರೀ ದುಃಖ ಕೇಳಿಸಿಕೊಂಡರೆ ಅವರಿಗೆ ಅನ್ಯಾಯ ಮಾಡಿದ ಹಾಗೆ ಅಂತ ನನಗನ್ನಿಸುತ್ತೆ.

ಕೆಂಪುಮಣ್ಣು (ಕೋಲಾರ)

'ಆ ಒಂದು ರಾತ್ರಿ ತಮ್ಮದು.' ಈ ಮಾತು ಸಾಕು ನನಗೆ. ನಮ್ಮ ಕೇರಿಯ ತಮಟೆ ನೆನಪಾಯ್ತು. ಥ್ಯಾಂಕ್ಸ್ ಸರ್.

ಆರು ತಂತಿ (ಬೆಂಗಳೂರು)

ಜೂಕ್ ಜಾಯಿಂಟ್ ಅಂದ ಕೂಡಲೇ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಬರಲೇಬೇಕು. 1949ರ ಚಳಿಗಾಲ. ಅರ್ಕನ್ಸಾಸ್‌ನ ಟ್ವಿಸ್ಟ್ ಅನ್ನುವ ಪುಟ್ಟ ಊರಿನ ಇಂಥದೇ ಒಂದು ಜಾಗದಲ್ಲಿ ಕಿಂಗ್ ಬಾರಿಸುತ್ತಿದ್ದರು. ಚಳಿ ಕಾಯಿಸಲು ನಡುಮನೆಯಲ್ಲಿ ಒಂದು ಡ್ರಮ್‌ಗೆ ಸೀಮೆಎಣ್ಣೆ ಹಾಕಿ ಹಚ್ಚಿದ್ದರು. ಇಬ್ಬರು ಗಂಡಸರು ಹೊಡೆದಾಡಿ ಅದನ್ನು ಉರುಳಿಸಿದರು. ಇಡೀ ಜಾಗಕ್ಕೆ ಬೆಂಕಿ. ಎಲ್ಲರೂ ಹೊರಗೆ ಓಡಿದರು. ಹೊರಗೆ ಬಂದ ಮೇಲೆ ಕಿಂಗ್‌ಗೆ ಗಿಟಾರ್ ಒಳಗೇ ಉಳಿಯಿತು ಅಂತ ಹೊಳೆಯಿತು, ಮತ್ತೆ ಒಳಗೆ ನುಗ್ಗಿ ತಂದರು. ಆ ಇಬ್ಬರೂ ಜಗಳವಾಡಿದ್ದು ಲೂಸಿಲ್ ಅನ್ನುವ ಹೆಂಗಸಿಗಾಗಿ ಅಂತ ಆಮೇಲೆ ಗೊತ್ತಾಯ್ತು. ಇನ್ನೊಮ್ಮೆ ಇಂಥ ಹುಚ್ಚು ಕೆಲಸ ಮಾಡಬಾರದು ಅಂತ ನೆನಪಿಗೆ ಗಿಟಾರಿಗೆ ಅದೇ ಹೆಸರಿಟ್ಟರು. ಮುಂದೆ ಅವರ ಗಿಟಾರುಗಳೆಲ್ಲ ಲೂಸಿಲ್‌ಗಳೇ.

ಇದನ್ನು ಹೇಳಿದ್ದು ಬರೀ ಕಥೆಗಲ್ಲ. ಕಿಂಗ್ ಹಾಡುವಾಗ ಬಾರಿಸುತ್ತಿರಲಿಲ್ಲ, ಬಾರಿಸುವಾಗ ಹಾಡುತ್ತಿರಲಿಲ್ಲ. ಹಾಡಿ ನಿಲ್ಲಿಸುತ್ತಿದ್ದರು, ಲೂಸಿಲ್ ಉತ್ತರ ಕೊಡುತ್ತಿದ್ದಳು. ತಂತಿಯ ಮೇಲೆ ಬಾಟಲಿ ಕತ್ತು ಜಾರಿಸಿ ಬಾರಿಸುವುದು ಅವರ ನೆಂಟ ಬುಕ್ಕಾ ವೈಟ್‌ಗೆ ಕರಗತ. ಕಿಂಗ್‌ಗೆ ಅದು ಒಗ್ಗಲೇ ಇಲ್ಲ. ಅದೇ ದನಿ ಬರಲಿ ಅಂತ ಎಡಗೈ ಬೆರಳನ್ನು ತಂತಿ ಮೇಲೆ ನಡುಗಿಸುವುದು ಕಲಿತರು. ವಿಡಿಯೋ ಸಿಕ್ಕರೆ ಕೈ ನೋಡಿ. ತೋರುಬೆರಳು ಮಾತ್ರ ತಂತಿಯ ಮೇಲೆ, ಉಳಿದ ಬೆರಳುಗಳು ಬಿಡಿಸಿಕೊಂಡು, ಇಡೀ ಮಣಿಕಟ್ಟು ದೀಪದ ಹುಳುವಿನ ರೆಕ್ಕೆ ಹಾಗೆ ಅದುರುತ್ತೆ. ಒಂದೇ ಒಂದು ಸ್ವರ. ಅದಕ್ಕೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಹಾಕುತ್ತಾರೆ. ನನ್ನ ಹತ್ತಿರ ವೇಗದ ಹುಡುಗರು ಬರುತ್ತಾರೆ, ಸೆಕೆಂಡಿಗೆ ಹತ್ತು ಸ್ವರ ಬಾರಿಸುವವರು. ಈ ಒಂದು ಸ್ವರ ಕೇಳಿಸಿದಾಗ ಕೋಣೆ ನಿಶ್ಶಬ್ದ ಆಗುತ್ತೆ.

ಇರುಳುಹಕ್ಕಿ (ಹುಬ್ಬಳ್ಳಿ)

ಬಾಟಲಿ ಕತ್ತು ಜಾರಿಸುವ ವಿಷಯಕ್ಕೆ ನೆನಪಾಯ್ತು. ಜೈಪುರದ ವಿಶ್ವಮೋಹನ ಭಟ್ಟರು ಗಿಟಾರನ್ನೇ ತಿದ್ದಿ ಮೋಹನವೀಣೆ ಮಾಡಿಕೊಂಡರಲ್ಲ, ಅವರೂ ಅಮೆರಿಕದ ಗಿಟಾರ್ ವಾದಕ ರೈ ಕೂಡರೂ ಸೇರಿ 1993ರಲ್ಲಿ ತಂದ 'ಎ ಮೀಟಿಂಗ್ ಬೈ ದ ರಿವರ್' ಆಲ್ಬಂ ಕೇಳಿ. ಅದಕ್ಕೆ ಗ್ರ್ಯಾಮಿ ಬಂತು. ಇಬ್ಬರ ಕೈಯಲ್ಲೂ ತಂತಿ ಜಾರುತ್ತೆ. ಕೆಲವು ಕಡೆ ಯಾರ ಜಾರು ಯಾರದು ಅಂತ ಗೊತ್ತೇ ಆಗಲ್ಲ.

ಹಳೇ ರೇಡಿಯೋ (ಮೈಸೂರು)

ಇಷ್ಟು ಮಾತಾದ ಮೇಲೆ ನನ್ನ ಮೆಚ್ಚಿನವರ ಬಗ್ಗೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಮಿಸಿಸಿಪ್ಪಿ ಜಾನ್ ಹರ್ಟ್.

ಇವರ ಬ್ಲೂಸ್‌ನಲ್ಲಿ ಅಬ್ಬರ ಇಲ್ಲ. ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ಗಡಿಯಾರದ ಹಾಗೆ ನಡೆಯುತ್ತೆ, ಉಳಿದ ಬೆರಳುಗಳು ಮೇಲೆ ಹಾಡನ್ನು ಹೆಣೆಯುತ್ತವೆ. ದನಿ ಮೊಮ್ಮಗುವಿಗೆ ಕಥೆ ಹೇಳುವ ತಾತನದು. 1928ರಲ್ಲಿ ಕೆಲವು ಹಾಡು ಮುದ್ರಣ ಆದವು. ತಟ್ಟೆ ಮಾರಾಟ ಆಗಲಿಲ್ಲ. ಅಷ್ಟರಲ್ಲಿ ಅಮೆರಿಕದ ಆರ್ಥಿಕ ಕುಸಿತ ಬಂತು. ಹರ್ಟ್ ಊರಿಗೆ ಹಿಂತಿರುಗಿ ಹೊಲದ ಕೆಲಸಕ್ಕೆ ಹೋದರು. ಒಂದಲ್ಲ ಎರಡಲ್ಲ, 35 ವರ್ಷ. ಹೊರಗಿನವರು ಸತ್ತುಹೋಗಿರಬೇಕು ಅಂದುಕೊಂಡಿದ್ದರು.

1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನುವ ತರುಣ ಅವರ ಹಳೇ ತಟ್ಟೆ ಕೇಳುತ್ತಿದ್ದ. ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು ಅಂತ ಬರುತ್ತೆ. ಆಗಿನ ನಕ್ಷೆಗಳಲ್ಲಿ ಆ ಊರು ಇರಲಿಲ್ಲ. ಹಳೆಯ ಭೂಪಟ ಹುಡುಕಿ, ಊರು ಸಿಕ್ಕಿದ ಮೇಲೆ ಅಲ್ಲಿಗೇ ಹೋದ. ಕೇಳಿದರೆ, ಹರ್ಟ್ ಅಲ್ಲೇ ಇದ್ದಾರೆ! ಬಿಳಿಯ ಹುಡುಗನೊಬ್ಬ ಹುಡುಕಿಕೊಂಡು ಬಂದಾಗ ಪೊಲೀಸಿನವನಿರಬೇಕು, ನಾನೇನು ತಪ್ಪು ಮಾಡಿದೆನೋ ಅಂತ ಹರ್ಟ್ ಹೆದರಿದರಂತೆ. ಆ ಹೆದರಿಕೆಯಲ್ಲೇ ಕೆಂಪುಮಣ್ಣು ಅವರು ಹೇಳಿದ್ದೆಲ್ಲ ಇದೆ. ಅವರ ಹತ್ತಿರ ಆಗ ಗಿಟಾರ್ ಕೂಡ ಇರಲಿಲ್ಲ. ಹುಡುಗ ತಂದಿದ್ದ ಗಿಟಾರ್ ಕೈಗೆ ತೆಗೆದುಕೊಂಡು ಹಾಡಿದರು.

ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಕೂತು ಹಾಡಿದರು. 70 ದಾಟಿದ ಮನುಷ್ಯ. ಮುಂದೆ ಮೂರು ವರ್ಷ ಅಷ್ಟೇ, 1966ರಲ್ಲಿ ಹೋದರು. ಕಹಿ ಇರಬೇಕಾದವರು. ಆ ಕೊನೆಯ ವರ್ಷಗಳ ಮುದ್ರಣ ಕೇಳಿ, ಒಂದು ಹನಿ ಕಹಿ ಇಲ್ಲ. ನಮ್ಮ ಮನೆಯವಳು ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ನನ್ನ ಜೊತೆ ಇದ್ದದ್ದು ಇವರೇ. ರಾತ್ರಿ ಕಾರಿಡಾರಿನ ಬೆಂಚಿನಲ್ಲಿ ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ನರ್ಸ್ ಕರೆಯುತ್ತಾರೇನೋ ಅಂತ ಬಾಗಿಲ ಕಡೆಗೆ. ಈಗ ಅವಳು ಆರಾಮಾಗಿದ್ದಾಳೆ. ಹರ್ಟ್ ಹಾಡು ಹಾಕಿದರೆ 'ಬಂದ್ರಾ ನಿಮ್ಮ ಸ್ನೇಹಿತರು' ಅನ್ನುತ್ತಾಳೆ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನದಿಂದ ಮತ್ತೆ ಮತ್ತೆ ಓದುತ್ತಿದ್ದೇನೆ.

ನಿನ್ನೆ ರಾತ್ರಿ ಮತ್ತೆ ಅಡುಗೆಮನೆಯಲ್ಲಿ ಕೂತಿದ್ದೆ. ಹಳೇ ರೇಡಿಯೋ ಸರ್ ಹೇಳಿದ ಹಾಗೆ ಗಿಟಾರ್ ಎಲ್ಲಿ ಬಿಡುತ್ತೆ, ಗಂಟಲು ಎಲ್ಲಿ ಎತ್ತಿಕೊಳ್ಳುತ್ತೆ ಅಂತ ಕಿವಿಗೊಟ್ಟು ಕೇಳಿದೆ. ಕೇಳಿಸಿತು. ಚೊಂಬಿಗೆ ಕಿವಿ ಹಚ್ಚಿಯೇ ಕೇಳಿದೆ. ತಲೆ ಎತ್ತಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

'ಯಾರಪ್ಪಾ ಅದು? ಏನಂತಾನೆ?' ಅಂದರು.

'ಏನೂ ಅನ್ನಲ್ಲಮ್ಮ. ಸುಮ್ನೆ ಮ್ಮ್ ಅಂತಾರೆ.'

ಅಮ್ಮ ನೆಲದ ಮೇಲೆ ಕೂತರು. ಇನ್ನೊಮ್ಮೆ ಹಾಕು ಅಂದರು. ಹಾಕಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮಪ್ಪ ರಾತ್ರಿ ಡ್ಯೂಟಿ ಮುಗಿಸಿ ಬಂದು ಬಚ್ಚಲಲ್ಲಿ ಕಾಲು ತೊಳೀವಾಗ ಹಿಂಗೇ ಅನ್ನೋರು' ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಅಷ್ಟು ಹೊತ್ತಿಗೆ ನಾನು ಯಾವತ್ತೂ ಎದ್ದಿರುತ್ತಿರಲಿಲ್ಲವಲ್ಲ.

ಆಮೇಲೆ ಇಬ್ಬರೂ ಕಾಫಿ ಮಾಡಿಕೊಂಡು ಕುಡಿದೆವು. ಎಂಟು ತಿಂಗಳಲ್ಲಿ ಮೊದಲ ಸಲ ಅಪ್ಪನ ಬಗ್ಗೆ ಮಾತಾಡಿದೆವು, ಬೆಳಗಿನ ಜಾವದವರೆಗೆ.

ಈಗ ಅಮ್ಮನಿಗೆ ಜಾನ್ ಹರ್ಟ್ ಕೇಳಿಸಬೇಕು ಅಂತಿದ್ದೇನೆ. ಸರ್, ಯಾವುದರಿಂದ ಶುರು ಮಾಡಲಿ?

ಹಳೇ ರೇಡಿಯೋ (ಮೈಸೂರು)

'ಅವಲಾನ್ ಬ್ಲೂಸ್', 1928ರದ್ದೇ ಹಾಕಿ. ಊರು ನೆನಪಿಸಿಕೊಂಡು ಹಾಡಿದ್ದು. ತಟ್ಟೆ ಹಳೆಯದು, ಸ್ವಲ್ಪ ಚರಚರ ಸದ್ದು ಬರುತ್ತೆ. ಅಮ್ಮನಿಗೆ ಮೊದಲೇ ಹೇಳಿಬಿಡಿ. ಚೊಂಬಿನಲ್ಲೇ ಇಡಿ.